ಐವತ್ತೈದು ನಿಮಿಷದ ದಾರಿ

ಮಾರ್ಚ್ 10, ಸೋಮವಾರ

ಅಪ್ಪಾ,

ನೀನು ರಿಜಿಸ್ಟರಿನಲ್ಲಿ ಸುಳ್ಳು ಸಮಯ ಬರೆದಿದ್ದೀ. ಒಬ್ಬ ಕೆಲಸಗಾರನ ಬಲಗೈ ಹೋಯಿತು. ನಿನ್ನ ಸುಳ್ಳಿನಿಂದ ಈಗ ತಪ್ಪೂ ಅವನದೇ ಆಗಿದೆ.

ಕ್ಷೇಮ ಸಮಾಚಾರ ಆಮೇಲೆ.

ಜನವರಿ 21ರ ಅಪಘಾತದ ಬಗ್ಗೆ ಕಂಪನಿಯ ವರದಿ ಇವತ್ತು ನಮ್ಮ ಕೈಸೇರಿತು. ಹನ್ನೊಂದು ಪುಟ. ಕೊನೆಯಲ್ಲಿ ನಿಮ್ಮ ನಿಲ್ದಾಣದ ರಿಜಿಸ್ಟರಿನ ನಕಲು ಲಗತ್ತಿಸಿದ್ದಾರೆ. ಬೆಳಗಿನ ವಿಮಾನ, ಹೊರಟ ಸಮಯ 10:05. ನಿನ್ನ ಸೊನ್ನೆ ನನಗೆ ಗೊತ್ತಾಗದೇ? ಮೇಲೆ ಬಾಯಿ ಬಿಟ್ಟುಕೊಂಡಿರುವ ಸೊನ್ನೆ. ಒಂದನೇ ತರಗತಿಯಲ್ಲಿ ನನಗೂ ಹಾಗೇ ಬರೆಯಲು ಕಲಿಸಿ ಟೀಚರ ಹತ್ತಿರ ಬೈಸಿದ್ದೆ.

ನಮ್ಮ ಎರಡು ನಿಲ್ದಾಣಗಳ ನಡುವೆ ನೆಟ್ಟಗೆ ಮುನ್ನೂರ ಹನ್ನೆರಡು ಕಿಲೋಮೀಟರು, ವಿಮಾನಕ್ಕೆ ಐವತ್ತೈದು ನಿಮಿಷ. ಇಲ್ಲಿ ಬಂದಿಳಿದ ಹೊತ್ತನ್ನು ಯಾರೂ ಗಡಿಯಾರ ನೋಡಿ ಬರೆಯುವುದಿಲ್ಲ. ನೀನು ಬರೆದ ಸಮಯಕ್ಕೆ ಐವತ್ತೈದು ಕೂಡಿಸಿ ಕಚೇರಿ ತಾನೇ ತುಂಬಿಕೊಳ್ಳುತ್ತದೆ. ಹೀಗಾಗಿ ಕಾಗದದ ಪ್ರಕಾರ ವಿಮಾನ ಹನ್ನೊಂದಕ್ಕೆ ಬಂತು, 11:35ಕ್ಕೆ ವಾಪಸು ಹೋಯಿತು. ನಡುವೆ ಮೂವತ್ತೈದು ನಿಮಿಷ. ‘ಸಾಕಷ್ಟು ಕಾಲಾವಕಾಶವಿದ್ದರೂ ಕಾರ್ಮಿಕನು ಸಾಮಾನು ಸಾಗಿಸುವ ಬೆಲ್ಟನ್ನು ನಿಲ್ಲಿಸದೆ ಅನಗತ್ಯ ಅವಸರ ತೋರಿದ್ದಾನೆ.’ ಇದು ವರದಿಯ ಮಾತು.

ನಾನು ಅಲ್ಲೇ ಇದ್ದೆ, ಅಪ್ಪಾ. ಭಾರದ ಲೆಕ್ಕದ ಲೋಡ್ ಶೀಟ್ ಹಿಡಿದು ರೆಕ್ಕೆಯ ಕೆಳಗೆ ನಿಂತಿದ್ದೆ. ವಿಮಾನ ಬಂದು ನಿಂತದ್ದು 11:21ಕ್ಕೆ. ನಲವತ್ತೊಂದು ಚೀಲ ಇಳಿಸಿ ಮೂವತ್ತಾರು ಚೀಲ ಏರಿಸಲು ಕೆಲಸಗಾರರಿಗೆ ಸಿಕ್ಕಿದ್ದು ಹದಿನಾಲ್ಕು ನಿಮಿಷ. ಯಾವುದೋ ಚೀಲದ ಪಟ್ಟಿ ಬೆಲ್ಟ್ ಗಾಡಿಯ ಉರುಳೆಗೆ ಸುತ್ತಿಕೊಂಡಿತು. ನಿಯಮದಂತೆ ಬೆಲ್ಟ್ ನಿಲ್ಲಿಸಿ, ಕೀಲಿ ತೆಗೆದು, ಮೇಲ್ವಿಚಾರಕನನ್ನು ಕರೆಸಿ, ಅವನ ಸಹಿ ಹಾಕಿಸಿ, ಆಮೇಲೆ ಬಿಡಿಸಬೇಕು. ಅದಕ್ಕೆ ಐದು ನಿಮಿಷವಾದರೂ ಬೇಕು. ಯಾರೋ ನಿಮಿಷ ಕೂಗುತ್ತಿದ್ದರು. ಅವರು ಕೈ ಹಾಕಿದರು.

ಅವರು ಎಂದರೆ ನಿಧಾನಣ್ಣ. ಹತ್ತೊಂಬತ್ತು ವರ್ಷ ಚೀಲ ಎತ್ತಿದವರು. ಹೊಸಬರ ಬೆನ್ನ ಹಿಂದೆ ನಿಂತು “ನಿಧಾನ, ನಿಧಾನ, ಚೀಲದೊಳಗೆ ಯಾರದೋ ಮನೆ ಇದೆ” ಎಂದು ಹೇಳಿ ಹೇಳಿ ಆ ಹೆಸರು ಬಂತು. ಅಂಥವರ ಮೇಲೆ ಅವಸರದ ಆರೋಪ. ತಪ್ಪು ಅವರದೆಂದು ನಿಂತರೆ ಪರಿಹಾರವಿಲ್ಲ, ಬೇರೆ ಕೆಲಸವೂ ಇಲ್ಲ. ಮೇಲ್ಮನವಿಗೆ ಏಪ್ರಿಲ್ 30ರ ಸಂಜೆ ಐದರವರೆಗೆ ಗಡುವು ಇದೆ. ಅದನ್ನು ಬರೆದು ಒಪ್ಪಿಸುವ ಹೊಣೆಯನ್ನು ಕಾರ್ಮಿಕ ಸಂಘ ನನಗೆ ವಹಿಸಿದೆ.

ನಿಮ್ಮ ಮ್ಯಾನೇಜರ್ ಕೈ ಹಿಡಿದು ಬರೆಸಿರುತ್ತಾನೆ, ನನಗೆ ಗೊತ್ತು. ಕಳೆದ ತಿಂಗಳು ಓದಿದ ಒಂದು ಕಿರುಹೊತ್ತಿಗೆಯಲ್ಲಿತ್ತು: ಗಡಿಯಾರ ಯಾರ ಕೈಯಲ್ಲಿದೆಯೋ ದುಡಿಯುವವನ ಮೈ ಅವರ ಕೈಯಲ್ಲಿದೆ. ನೀನು ಹೆದರಬೇಡ. ‘ನಿಜವಾಗಿ ಹೊರಟದ್ದು 10:26ಕ್ಕೆ’ ಎಂದು ಒಂದು ಸಾಲು ಬರೆದು ಸಹಿ ಹಾಕಿಕೊಡು. ಉಳಿದದ್ದು ನನ್ನ ಹೊಣೆ.

ಫೋನಿನಲ್ಲಿ ಕೇಳಿದರೆ “ವಿಮಾನ ಬಂತು, ಇಡ್ತೀನಮ್ಮಾ” ಎಂದು ನೀನು ನುಣುಚಿಕೊಳ್ಳುತ್ತೀ. ಅದಕ್ಕೇ ಪತ್ರ. ವಿಮಾನದ ಕಾಗದಪತ್ರಗಳ ಚೀಲದಲ್ಲೂ ಇಡುತ್ತಿಲ್ಲ. ಎರಡು ವರ್ಷ ನಾವಿಬ್ಬರೂ ಲೋಡ್ ಶೀಟಿನ ನಡುವೆ ಮಡಿಚಿಟ್ಟು ಪತ್ರ ಕಳಿಸಿದೆವು; ಬೆಳಿಗ್ಗೆ ಬರೆದದ್ದು ಊಟದ ಹೊತ್ತಿಗೆ ತಲುಪುತ್ತಿತ್ತು. ಜನವರಿಯಿಂದ ನೀನು ಅದನ್ನೂ ನಿಲ್ಲಿಸಿದ್ದೀ, ಮುನಿಸಿಕೊಂಡಿದ್ದೀಯೆಂದು ಸುಮ್ಮನಿದ್ದೆ. ಈಗ ಅಂಚೆಯೇ ಸರಿ. ಆರು ದಿನ ಹಿಡಿಯಲಿ.

ನಿನ್ನ ಮಗಳು

*

ಮಾರ್ಚ್ 19, ಬುಧವಾರ

ಮಗಳೇ,

ಪತ್ರ ಸೋಮವಾರ ಬಂತು. ಅಂಚೆಯವನು “ಏನ್ ಸಾರ್, ಮಗಳು ವಿಮಾನ ಬಿಟ್ಟು ಸೈಕಲ್ ಹತ್ತಿದಳಾ?” ಎಂದು ಕೇಳಿದ. ನಾನೂ ಚೀಲದಲ್ಲಿ ಪತ್ರ ಇಡುವುದನ್ನು ಬಿಟ್ಟೆ. ಮುನಿಸಲ್ಲ. ಕಾರಣವೇನೂ ಇಲ್ಲ.

ನಿನ್ನ ಸಹೋದ್ಯೋಗಿಯ ವಿಷಯ ಓದಿ ಬೇಸರವಾಯಿತು. ಆದರೆ ನೀನು ಲೆಕ್ಕ ಹಾಕಿದಷ್ಟು ನೆಟ್ಟಗೆ ಆಕಾಶದಲ್ಲಿ ದಾರಿ ಇರುವುದಿಲ್ಲ. ಆ ದಿನ ಎದುರುಗಾಳಿ ಇದ್ದಿರಬಹುದು. ಗಾಳಿಯನ್ನು ನಾನು ರಿಜಿಸ್ಟರಿನಲ್ಲಿ ಬರೆಯುವುದಿಲ್ಲ, ಅದಕ್ಕೆ ಕಾಲಂ ಇಲ್ಲ.

ಮೂವತ್ತೊಂದು ವರ್ಷದಿಂದ ವಿಮಾನದ ಚಕ್ರಕ್ಕೆ ಅಡ್ಡವಿಟ್ಟ ಗಟ್ಟೆ ತೆಗೆಯುವುದನ್ನು ನೋಡಿ ಸಮಯ ಬರೆಯುತ್ತಿದ್ದೇನೆ. ನಿವೃತ್ತಿಗೆ ಇನ್ನು ಎರಡು ವರ್ಷ ಇದೆ. ಬೇಲಿ ಪಕ್ಕದ ಈ ಎರಡು ಕೋಣೆಯೂ ಕಂಪನಿಯದು ಎಂಬುದು ನಿನಗೆ ಗೊತ್ತಿಲ್ಲದ್ದಲ್ಲ. ನಿನ್ನ ಎಂಟು ಪುಟದ ಪುಸ್ತಕಗಳಲ್ಲಿ ಮನೆ ಖಾಲಿ ಮಾಡುವುದು ಹೇಗೆ ಎಂದೂ ಬರೆದಿರುತ್ತಾರಾ?

ನಿನ್ನಮ್ಮನಿಗೆ ಪತ್ರ ತೋರಿಸಲಿಲ್ಲ. “ಏನಂತೆ?” ಅಂದಳು. “ಅಲ್ಲಿ ಚಳಿಯಂತೆ” ಅಂದೆ. “ಮಾರ್ಚಲ್ಲಿ ಚಳಿಯಾ? ನೀವು ಸುಳ್ಳು ಹೇಳೋಕೂ ಸರಿಯಾಗಿ ಕಲಿಯಲಿಲ್ಲ” ಅಂದಳು.

ಸಂಘದ ಕೆಲಸ ಸ್ವಲ್ಪ ಕಡಿಮೆ ಮಾಡು. ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳಬೇಡ.

ನಿನ್ನ ಅಪ್ಪ

*

ಮಾರ್ಚ್ 27, ಗುರುವಾರ

ಅಪ್ಪಾ,

ಎದುರುಗಾಳಿ! ಐವತ್ತೈದು ನಿಮಿಷದ ದಾರಿಗೆ ಇಪ್ಪತ್ತೊಂದು ನಿಮಿಷದ ಎದುರುಗಾಳಿ ಬೀಸಿದ್ದರೆ ನಿನ್ನ ಬೇಲಿ, ಅದರ ಪಕ್ಕದ ಎರಡು ಕೋಣೆ, ನಿನ್ನ ರಿಜಿಸ್ಟರ್ ಎಲ್ಲ ಹಾರಿಕೊಂಡು ಇಲ್ಲಿಗೇ ಬಂದುಬಿಡುತ್ತಿದ್ದವು. ಅಂದು ವಿಮಾನ ಬಂದಾಗ ಉಳಿದಿದ್ದ ಇಂಧನವನ್ನು ನಾನೇ ಬರೆದುಕೊಂಡಿದ್ದೇನೆ, ಲೋಡ್ ಶೀಟಿಗೆ ಅದು ಬೇಕು. ಎಂದಿನಷ್ಟೇ ಇತ್ತು. ಅಷ್ಟು ಹೊತ್ತು ಹೆಚ್ಚಾಗಿ ಹಾರಿದ ವಿಮಾನದಲ್ಲಿ ಅಷ್ಟು ಇಂಧನ ಉಳಿಯುವುದಿಲ್ಲ. ಅದು ನಿಂತಿದ್ದದ್ದು ನೆಲದ ಮೇಲೆ, ನಿನ್ನ ಕಣ್ಣೆದುರಿಗೆ.

ಈ ಲೆಕ್ಕವನ್ನು ಕಚೇರಿಗೆ ತೋರಿಸಿದೆ. “ನೀನು ಬರೆದದ್ದಕ್ಕೆ ನೀನೇ ಸಾಕ್ಷಿಯೇನಮ್ಮಾ? ನೀನು ಸಂಘದವಳು ಬೇರೆ” ಎಂದರು. ಕಂಟ್ರೋಲ್ ಟವರಿನವರನ್ನು ಕೇಳಿದೆ. ಅವರ ದಾಖಲೆ ಮೂವತ್ತು ದಿನಕ್ಕೆ ತಾನೇ ಅಳಿಸಿಹೋಗುತ್ತದಂತೆ. ವರದಿ ಕೈಗೆ ಬಂದದ್ದು ನಲವತ್ತೆಂಟನೇ ದಿನ. ಎಷ್ಟು ಚೆನ್ನಾಗಿ ಹೊಂದಿಕೊಂಡಿದೆ ನೋಡು. ಇನ್ನು ಉಳಿದಿರುವ ಸಾಕ್ಷಿ ನೀನೊಬ್ಬನೇ.

ಭಾನುವಾರ ನಿಧಾನಣ್ಣನ ಮನೆಗೆ ಹೋಗಿದ್ದೆ. ಮೂರನೇ ಮಹಡಿಯ ಒಂದು ಕೋಣೆ, ಕಿಟಕಿಗೆ ಅಡ್ಡವಾಗಿ ಅವರ ಹೆಂಡತಿ, ನಮಗೆಲ್ಲ ಅಕ್ಕ, ಇಸ್ತ್ರಿಗೆ ತಂದ ಬಟ್ಟೆಗಳ ರಾಶಿ. ಊರವರ ಅಂಗಿಗಳಿಗೆ ಇಸ್ತ್ರಿ ಹಾಕಿ ಅವರೇ ಈಗ ಮನೆ ನಡೆಸುತ್ತಾರೆ. ನಿಧಾನಣ್ಣ ಆ ರಾಶಿಯಿಂದ ಒಂದೊಂದೇ ಅಂಗಿ ಎತ್ತಿಕೊಂಡು ಎಡಗೈಯಲ್ಲಿ ಗುಂಡಿ ಹಾಕುವುದನ್ನು ಕಲಿಯುತ್ತಿದ್ದರು. ಕತ್ತಿನ ಗುಂಡಿ ಮಾತ್ರ ಬರುವುದಿಲ್ಲ.

“ನನ್ನ ಬಗ್ಗೆ ಏನೋ ಬರೆದಿದ್ದಾರಂತೆ, ಓದು” ಎಂದರು. ಓದಿದೆ. ‘ಅನಗತ್ಯ ಅವಸರ’ ಎಂದಾಗ ಅಕ್ಕ ನಕ್ಕೇಬಿಟ್ಟರು. “ಇವರಿಗಾ ಅವಸರ? ಮದುವೆ ದಿನಾನೂ ಕೊನೇ ಬಸ್ಸಿಗೆ ಬಂದ ಪುಣ್ಯಾತ್ಮ ಇವರು! ನಮ್ಮಪ್ಪ ಬೇರೆ ಗಂಡು ನೋಡೋಕೆ ಎದ್ದು ನಿಂತಿದ್ರು.” ನಗು ನಿಲ್ಲಲಿಲ್ಲ, ಅದು ನಗುವಲ್ಲ ಎಂದು ನಮಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ನಿಧಾನಣ್ಣ ನನ್ನ ಕಡೆ ತಿರುಗಿ, “ಹೊತ್ತಿರಲಿಲ್ಲ ಅಲ್ವೇನಮ್ಮಾ? ನೀನಿದ್ಯಲ್ಲ, ನೀನೇ ಹೇಳು. ಈಗೀಗ ನನಗೇ ಅನುಮಾನ ಬರ್ತಿದೆ” ಎಂದರು.

ಅವರ ಕೈ ಹೋದದ್ದಲ್ಲದೆ ಅವರ ನೆನಪನ್ನೂ ಕಿತ್ತುಕೊಳ್ಳುತ್ತಿದ್ದಾರೆ. ನಿನ್ನ ಒಂದು ಸೊನ್ನೆಯ ಬಲದಿಂದ.

ನಾನು ಮ್ಯಾನೇಜರ್ ಮೇಲೆ ಆರೋಪ ಹೊರಿಸಿದರೆ ನೀನು ಗಾಳಿಯ ಮಾತಾಡಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನಮ್ಮ ಮನೆಯಲ್ಲೇ ಕಾಣುತ್ತೇನೆ ಎಂದುಕೊಂಡಿರಲಿಲ್ಲ.

ಬರೆದು ಕೊಡು.

ಮಗಳು

*

ಏಪ್ರಿಲ್ 7, ಸೋಮವಾರ

ಅಪ್ಪಾ,

ಹನ್ನೊಂದು ದಿನವಾಯಿತು, ನಿನ್ನಿಂದ ಉತ್ತರವಿಲ್ಲ.

ಮೊದಲ ಪತ್ರದಲ್ಲಿ ‘ಯಾರೋ ನಿಮಿಷ ಕೂಗುತ್ತಿದ್ದರು’ ಎಂದು ಬರೆದಿದ್ದೆ. ಅದು ಯಾರೋ ಅಲ್ಲ. ನಾನೇ.

ಲೋಡ್ ಶೀಟ್ ಹಿಡಿದವರು ಉಳಿದ ನಿಮಿಷಗಳನ್ನು ಕೂಗಬೇಕು, ಅದು ಕೆಲಸದ ಪದ್ಧತಿ. ಆದರೆ ಅಂದು ನಾನು ಬರೀ ಪದ್ಧತಿಗೆ ಕೂಗಲಿಲ್ಲ. ವಿಮಾನ ತಡವಾಗಿತ್ತು, ನನಗೆ ಸಿಟ್ಟು ಬಂದಿತ್ತು. ‘ಆರು!’ ಎಂದೆ. ‘ಐದು, ನಿಧಾನಣ್ಣಾ, ಇವತ್ತಾದರೂ ಹೆಸರು ಬದಲಾಯಿಸ್ಕೋ!’ ಎಂದೆ. ಎಲ್ಲರೂ ನಕ್ಕರು. ಅವರೂ ನಕ್ಕರು. ನಗುತ್ತಲೇ ಕೈ ಹಾಕಿದರು.

ವಿಚಾರಣೆಯಲ್ಲಿ ಇದನ್ನು ನಾನು ಹೇಳಲಿಲ್ಲ. ಯಾರೂ ಕೇಳಲಿಲ್ಲ. ನಕ್ಕವರು ಯಾರೂ ಬಾಯಿಬಿಡಲಿಲ್ಲ. ನಿಧಾನಣ್ಣನಿಗೆ ಅದು ನೆನಪಿದೆಯೋ ಇಲ್ಲವೋ ತಿಳಿಯದು. ಕೇಳುವ ಧೈರ್ಯ ನನಗಿಲ್ಲ.

ಈ ಮಾತು ಮೊದಲು ಹೇಳುತ್ತಿರುವುದು ನಿನಗೇ. ನಿನಗೆ ಕಲ್ಲು ಹೊಡೆಯುತ್ತಾ ನನ್ನ ಮಡಿಲಲ್ಲಿ ಒಂದು ಕಲ್ಲು ಬಚ್ಚಿಟ್ಟುಕೊಂಡಿರುವುದು ಸರಿಯಲ್ಲ ಎನಿಸಿತು.

ಇನ್ನು ನೀನು.

ಮಗಳು

*

ಏಪ್ರಿಲ್ 14, ಸೋಮವಾರ

ಮಗಳೇ,

ನಿನ್ನ ಪತ್ರ ಈಗಷ್ಟೇ ಬಂತು. ಊಟಕ್ಕೆ ಕೂತವನು ಎದ್ದು ಬರೆಯುತ್ತಿದ್ದೇನೆ.

ನೀನು ನಿನ್ನದನ್ನು ಹೇಳಿಕೊಂಡ ಮೇಲೆ ನಾನು ನನ್ನದನ್ನು ಇಟ್ಟುಕೊಂಡು ಕೂರುವುದು ಆಗದ ಮಾತು. ವಿಮಾನ ಹೊರಟದ್ದು 10:26ಕ್ಕೇ. ಅದನ್ನು ಇಪ್ಪತ್ತೊಂದು ನಿಮಿಷ ತಡಮಾಡಿದವನು ನಾನು.

ಹಿಂದಿನ ದಿನ, ಜನವರಿ 20ರಂದು, ನಿನ್ನಿಂದ ಚೀಲದಲ್ಲಿ ಒಂದು ಪತ್ರ ಬಂದಿತ್ತು. ಜೊತೆಗೆ ಒಂದು ಕಿರುಹೊತ್ತಿಗೆ, ಸಂಘದ ಮನವಿ. ‘ಸಹಿ ಹಾಕುತ್ತೀಯೋ ಇಲ್ಲವೋ, ನಾಳೆ ಬೆಳಗಿನ ವಿಮಾನಕ್ಕೆ ಉತ್ತರ ಬರಬೇಕು. ಬಾರದಿದ್ದರೆ ನನಗೆ ಅಪ್ಪ ಇಲ್ಲ ಅಂದುಕೊಳ್ಳುತ್ತೇನೆ’ ಎಂದು ಬರೆದಿದ್ದೆ. ನಿನಗೆ ನೆನಪಿರಲಿಕ್ಕಿಲ್ಲ. ಅಂಥ ಮಾತನ್ನು ನೀನು ವಾರಕ್ಕೊಂದು ಬರೆಯುತ್ತೀ. ನನಗೆ ಹಾಗಲ್ಲ.

ಬೆಳಿಗ್ಗೆ ಎದ್ದು ಉತ್ತರ ಬರೆದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ವಿಮಾನದ ಬಾಗಿಲಲ್ಲಿ ಕಾಗದಪತ್ರಗಳ ಚೀಲ ಕೊಟ್ಟೆ. ಬಾಗಿಲು ಮುಚ್ಚಿತು, ಏಣಿ ಸರಿಯಿತು. ಆಗ ಎದೆಯ ಹತ್ತಿರ ಕಾಗದ ಚುಚ್ಚಿತು. ಪತ್ರ ಜೇಬಿನಲ್ಲೇ ಇತ್ತು.

ಸಂಜೆಯ ವಿಮಾನಕ್ಕೆ ಇಡಬಹುದಿತ್ತು. ಈಗ ಹೊಳೆಯುತ್ತದೆ. ಆಗ ನಾನು ಎರಡೂ ಕೈ ಎತ್ತಿ ಅಡ್ಡಡ್ಡ ಬೀಸಿದೆ. ಏಣಿ ಮತ್ತೆ ಬಂತು. ಬಾಗಿಲು ತೆಗೆದ ಹುಡುಗಿ “ಏನ್ ಸಾರ್, ಏನ್ ಮರೆತ್ರಿ?” ಅಂದಳು. “ಒಂದು ಹಾಳೆ ಬಿಟ್ಟುಹೋಗಿದೆ” ಅಂದೆ. ಸುಳ್ಳೂ ಅಲ್ಲ. ಒಂದು ನಿಮಿಷದ ಕೆಲಸ ಎಂದುಕೊಂಡಿದ್ದೆ. ಆದರೆ ಬಾಗಿಲು ಒಮ್ಮೆ ತೆರೆದರೆ ಒಳಗಿನ ತಲೆಗಳನ್ನು ಮತ್ತೆ ಎಣಿಸಬೇಕು. ಎರಡು ಸಲ ಎಣಿಸಿದರು, ಒಂದು ತಲೆ ಕಡಿಮೆ ಬಂತು. ಯಾರೋ ಹಿಂದೆ ಕೈ ತೊಳೆಯಲು ಹೋಗಿದ್ದರಂತೆ. ಅಷ್ಟರಲ್ಲಿ ಟವರಿನವರು ಇಳಿಯುವ ವಿಮಾನವೊಂದಕ್ಕೆ ರನ್‌ವೇ ಕೊಟ್ಟುಬಿಟ್ಟಿದ್ದರು.

ನಮ್ಮ ಮ್ಯಾನೇಜರ್ ಅಂದು ರಜೆಯಲ್ಲಿದ್ದರು. ಯಾರೂ ನನ್ನ ಕೈ ಹಿಡಿಯಲಿಲ್ಲ, ಮಗಳೇ. ತಡವಾದರೆ ಕಾರಣ ಬರೆಯುವ ಕಾಲಂ ಒಂದಿದೆ. ಅದನ್ನು ನೋಡುತ್ತಾ ತುಂಬಾ ಹೊತ್ತು ಕೂತಿದ್ದೆ. ‘ಮಗಳಿಗೆ ಪತ್ರ’ ಎಂದು ಬರೆಯಲೇ? 10:05 ಎಂದು ಬರೆದೆ. ಮೂವತ್ತೊಂದು ವರ್ಷದಲ್ಲಿ ಅದೊಂದೇ ಸುಳ್ಳು. ಯಾರಿಗೂ ಏನೂ ಆಗುವುದಿಲ್ಲ ಎಂದುಕೊಂಡೆ. ಮರುದಿನ ಬಂದ ವಿಮಾನದವರು ಅಪಘಾತದ ಸುದ್ದಿ ಹೇಳಿದರು. ಆಮೇಲೆ ತಿದ್ದಲು ಕೈ ಬರಲಿಲ್ಲ.

ನಾಳೆ ವಿಚಾರಣಾಧಿಕಾರಿಗೆ ನಿಜವಾದ ಸಮಯವನ್ನೂ ನನ್ನ ತಪ್ಪನ್ನೂ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತೇನೆ. ಈ ಪತ್ರವನ್ನು ನಿನ್ನ ಮೇಲ್ಮನವಿಗೆ ಲಗತ್ತಿಸು. ಸಹಿ ಹಾಕಿದ್ದೇನೆ. ನಿನ್ನಮ್ಮನಿಗೂ ಈಗಷ್ಟೇ ಹೇಳಿದೆ. ಅವಳು ಅಟ್ಟದಿಂದ ಪೆಟ್ಟಿಗೆ ಇಳಿಸಿ ಪಾತ್ರೆಗಳನ್ನು ಹಳೇ ಪೇಪರಿನಲ್ಲಿ ಸುತ್ತುತ್ತಿದ್ದಾಳೆ. “ಇಷ್ಟು ಬೇಗ ಯಾಕೆ?” ಅಂದೆ. “ಆಮೇಲೆ ಅವಸರ ಆಗತ್ತೆ” ಅಂದಳು.

ನಿನ್ನ ಅಪ್ಪ

*

ಮೇ 8, ಗುರುವಾರ

ಮಗಳೇ,

ಇಪ್ಪತ್ನಾಲ್ಕು ದಿನದಿಂದ ನಿನ್ನ ಪತ್ರವಿಲ್ಲ. ಫೋನ್ ಮಾಡಿದರೆ ಎತ್ತುತ್ತಿಲ್ಲ. ನಿನಗೆ ಅಪ್ಪ ಇಲ್ಲ ಎಂದಾಗಿರಬಹುದು. ಆದರೂ ವಿಷಯ ತಿಳಿಸುವುದು ನನ್ನ ಕರ್ತವ್ಯ. ಕಚೇರಿಯಿಂದ ಬಂದದ್ದನ್ನು ಹಾಗೇ ನಕಲು ಮಾಡುತ್ತಿದ್ದೇನೆ:

‘ತಮ್ಮ ಏಪ್ರಿಲ್ 15ರ ಹೇಳಿಕೆಯನ್ನು ಸ್ವೀಕರಿಸಲಾಗಿದೆ. ಸಂಬಂಧಿಸಿದ ಕಾರ್ಮಿಕನಿಂದ ಅಥವಾ ಅವನ ಪರವಾಗಿ ನಿಗದಿತ ಅವಧಿಯೊಳಗೆ ಯಾವುದೇ ಮೇಲ್ಮನವಿ ಬಾರದ ಕಾರಣ ಸದರಿ ಕಡತವನ್ನು ಅಂತಿಮಗೊಳಿಸಲಾಗಿದ್ದು, ತಮ್ಮ ಹೇಳಿಕೆಯನ್ನು ಅದರಲ್ಲಿ ಪರಿಗಣಿಸಲು ಅವಕಾಶವಿರುವುದಿಲ್ಲ. ದಾಖಲೆಯಲ್ಲಿ ತಪ್ಪು ಸಮಯ ನಮೂದಿಸಿರುವುದನ್ನು ತಾವೇ ಒಪ್ಪಿಕೊಂಡಿರುವುದರಿಂದ ತಮ್ಮನ್ನು ತಕ್ಷಣದಿಂದ ಅಮಾನತಿನಲ್ಲಿಡಲಾಗಿದೆ. ವಸತಿಗೃಹವನ್ನು ಮೂವತ್ತು ದಿನಗಳೊಳಗೆ ತೆರವುಗೊಳಿಸತಕ್ಕದ್ದು.’

ಅಮಾನತು, ಮನೆ, ಅದೆಲ್ಲ ಇರಲಿ, ನಿರೀಕ್ಷಿಸಿದ್ದೇ. ‘ಮೇಲ್ಮನವಿ ಬಾರದ ಕಾರಣ’ ಎಂಬುದು ನನಗೆ ಅರ್ಥವಾಗಲಿಲ್ಲ. ಕಚೇರಿಯವರು ನಿನ್ನ ಮೇಲ್ಮನವಿಯನ್ನು ಕಳೆದುಹಾಕಿದ್ದಾರೆಯೇ? ನನ್ನ ಪತ್ರ ನಿನಗೆ ತಲುಪಿತ್ತು ತಾನೇ?

ಅಪ್ಪ

*

ಮೇ 19, ಸೋಮವಾರ

ಅಪ್ಪಾ,

ಯಾರೂ ಏನನ್ನೂ ಕಳೆದುಹಾಕಿಲ್ಲ. ನಾನು ಮೇಲ್ಮನವಿ ಕೊಡಲಿಲ್ಲ.

ನಿನ್ನ ಪತ್ರ ಏಪ್ರಿಲ್ 21ರಂದು ಬಂತು. ಗಡುವಿಗೆ ಇನ್ನೂ ಒಂಬತ್ತು ದಿನ ಇತ್ತು. ಒಂದು ಪತ್ರವನ್ನು ನಕಲು ಮಾಡಿಸಿ, ಪಿನ್ ಹೊಡೆದು, ಬಸ್ಸಿನಲ್ಲಿ ಏಳು ನಿಲ್ದಾಣ ದಾಟಿ ಕಚೇರಿಗೆ ಕೊಡಬೇಕಿತ್ತು. ಅಷ್ಟೇ ಕೆಲಸ.

ಆದರೆ ಲಗತ್ತಿಸಿದರೆ ಎಲ್ಲರೂ ಓದುತ್ತಾರೆ. ಸಂಘದವರು, ನಕ್ಕವರು, ಕಚೇರಿಯ ಗುಮಾಸ್ತರು. ‘ಬಾರದಿದ್ದರೆ ನನಗೆ ಅಪ್ಪ ಇಲ್ಲ.’ ಕಂಪನಿಯ ಗಡಿಯಾರದ ಬಗ್ಗೆ ಭಾಷಣ ಮಾಡುವವಳೇ ತನ್ನ ಗಡುವಿಗೆ ವಿಮಾನ ನಿಲ್ಲಿಸಿದವಳು ಎಂದು ಎಲ್ಲರಿಗೂ ತಿಳಿಯುತ್ತದೆ. ಆ ಸಾಲನ್ನು ಬಿಟ್ಟು ಬರೀ ಸಮಯದ ಭಾಗವನ್ನು ನಕಲು ಮಾಡಿಸಲು ನೋಡಿದೆ. ಕಾಗದವನ್ನು ಎಲ್ಲಿ ಮಡಿಚಿದರೂ ನಾನು ಹೊರಗೆ ಕಾಣುತ್ತಿದ್ದೆ.

ನಾಳೆ, ನಾಳೆ ಎಂದೆ. 28ಕ್ಕೆ ನಿಧಾನಣ್ಣ ಫೋನ್ ಮಾಡಿ “ಸಾಕ್ಷಿ ಸಿಕ್ತೇನಮ್ಮಾ?” ಎಂದರು. “ಇನ್ನೂ ಬಂದಿಲ್ಲಣ್ಣಾ” ಎಂದೆ. ಪತ್ರ ನನ್ನ ಚೀಲದಲ್ಲೇ ಇತ್ತು. 30ರಂದು ಹೊರಟೆ, ನಿಜವಾಗಿಯೂ ಹೊರಟೆ. ಕಚೇರಿಯ ಎದುರಿನ ಬೆಂಚಿನ ಮೇಲೆ ನಾಲ್ಕರಿಂದ ಕೂತಿದ್ದೆ. ಐದಕ್ಕೆ ಜವಾನ ಬಂದು ಗೇಟು ಎಳೆದ. “ಏನಾದ್ರೂ ಕೊಡೋದಿತ್ತಾ ಮೇಡಂ?” ಎಂದ. “ಇಲ್ಲ” ಎಂದೆ.

ನೀನು ಇಪ್ಪತ್ತೊಂದು ನಿಮಿಷ ಮುಚ್ಚಿಟ್ಟೆ. ನಾನು ಒಂಬತ್ತು ದಿನ.

ಕಿರುಹೊತ್ತಿಗೆಗಳನ್ನೆಲ್ಲ ಮತ್ತೆ ತೆಗೆದು ಓದಿದೆ. ಅವು ಹೇಳುವುದು ಸುಳ್ಳಲ್ಲ. ವಿಮಾನವನ್ನು ತಡಮಾಡಿದ್ದು ನಿನ್ನ ಪತ್ರ. ಆದರೆ ತಡವಾಗಿ ಬಂದ ವಿಮಾನವನ್ನು ಅದೇ 11:35ಕ್ಕೆ ಹೊರಡಿಸಲೇಬೇಕು ಎಂದದ್ದು ಕಂಪನಿ. ಇದನ್ನು ನಾನು ಈಗಲೂ ಯಾರ ಮುಂದೆ ಬೇಕಾದರೂ ವಾದಿಸಬಲ್ಲೆ. ಆದರೆ ವಾದಿಸುವ ಬಾಯಿಗೆ ನಾನೇ ಬೀಗ ಹಾಕಿ ಕೀಲಿಯನ್ನು ಅವರ ಕೈಗೇ ಕೊಟ್ಟಾಯಿತು. ನಿನ್ನ ಕೆಲಸ ಹೋಯಿತು, ಮನೆ ಹೋಯಿತು, ಅದರಿಂದ ಯಾರಿಗೂ ಕೂದಲೆಳೆಯಷ್ಟೂ ಉಪಕಾರ ಆಗದ ಹಾಗೆ ಮಾಡಿದವಳು ನಾನು.

ಮೊನ್ನೆ ಶನಿವಾರ ಮೂರನೇ ಮಹಡಿ ಹತ್ತಿದೆ. ಎಲ್ಲವನ್ನೂ ಹೇಳಿದೆ. ನಿಮಿಷ ಕೂಗಿದ್ದು, ಪತ್ರ, ಬೆಂಚು. ಅಕ್ಕ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು ಕೇಳಿದರು. ನಾನು ಮುಗಿಸಿದ ಮೇಲೆ ನಿಧಾನಣ್ಣ ಕೇಳಿದರು:

“ವಿಮಾನ ನಿಲ್ಲಿಸಿ ಕೊಟ್ಟ ಆ ಕಾಗದದಲ್ಲಿ ನಿಮ್ಮಪ್ಪ ಏನು ಬರೆದಿದ್ರು?”

ನೀನು ಅಂದು ಬರೆದದ್ದು ಎರಡು ಸಾಲು. ಓದಿ ಹರಿದುಹಾಕಿದ್ದೆ, ಆದರೆ ಮರೆಯಲಿಲ್ಲ. “ಸಹಿ ಹಾಕೋದಿಲ್ಲ. ಚಳಿ ಜಾಸ್ತಿಯಾಗಿದೆ, ಕಿವಿಗೆ ಬಟ್ಟೆ ಕಟ್ಟಿಕೋ. ಅಷ್ಟೇ ಅಣ್ಣಾ” ಎಂದೆ.

“ಅಷ್ಟೇನಾ?”

“ಅಷ್ಟೇ.”

ಅವರು ಮೊಣಕೈಯ ಕೆಳಗೆ ಮಡಿಚಿ ಪಿನ್ ಹಾಕಿದ ಅಂಗಿಯ ತೋಳನ್ನು ನೋಡಿಕೊಂಡರು. “ನನ್ನ ಕೈ ಹೋಗಿದ್ದು ನಿನ್ನ ಕಿವಿ ಬೆಚ್ಚಗಿರಲಿ ಅಂತಲೇನಮ್ಮಾ?” ಎಂದರು. ಸಿಟ್ಟಿನಿಂದ ಕೇಳಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದರು. ಅಕ್ಕ ಎದ್ದು ಹೊರಗೆ ಹೋದರು. ಮೆಟ್ಟಿಲ ಮೇಲೆ ಕೂತಿದ್ದರು. ನಾನು ಇಳಿಯುವಾಗ ಕಾಲು ಸರಿಸಿ ದಾರಿ ಬಿಟ್ಟರು, ಮುಖ ಎತ್ತಲಿಲ್ಲ.

ಅದಕ್ಕೂ ಮೊದಲು ನಿಧಾನಣ್ಣ ನಿನ್ನ ವಿಷಯ ಕೇಳಿದರು. “ನಿಮ್ಮಪ್ಪ ಬರ್ತಾರಾ?”

“ಕರೆದರೆ ಬರ್ತಾರೆ.”

“ವಿಮಾನದಲ್ಲಾ?”

“ಇಲ್ಲಣ್ಣಾ. ಅಮಾನತಾದವರಿಗೆ ಕಂಪನಿ ಸೀಟು ಕೊಡಲ್ಲ. ಬೆಟ್ಟ ಸುತ್ತಿಕೊಂಡು ಮೂರು ಬಸ್ಸು. ಹದಿಮೂರು ಗಂಟೆ.”

“ಬರಲಿ. ಕಾಗದದಲ್ಲಿ ಬೇಡ. ಇಲ್ಲಿ ಬಂದು ನನ್ನೆದುರು ಕೂತು ಹೇಳಲಿ, ನಾನು ಕೇಳ್ತೀನಿ. ಕ್ಷಮಿಸು-ಗಿಮಿಸು ಅಂತ ಮಾತ್ರ ಅನ್ನಬಾರದು. ಅಂದರೆ ನಾನು ಎದ್ದು ಹೋಗ್ತೀನಿ. ನೀನೂ ಇರಬೇಕು.”

ಯಾಕೆ ಎಂದು ನಾನು ಕೇಳಲಿಲ್ಲ. ಇದರಿಂದ ಅವರಿಗೆ ಏನು ಸಿಗುತ್ತದೆ, ನನಗೆ ಗೊತ್ತಿಲ್ಲ. ಏನೂ ಸಿಗದೇ ಇರಬಹುದು. ಅವರು ಕೇಳಿದ್ದು ಇದೊಂದೇ, ನಮ್ಮಲ್ಲಿ ಕೊಡಲು ಉಳಿದಿರುವುದೂ ಇದೊಂದೇ.

ಅಮ್ಮನನ್ನು ಕರೆತರಬೇಡ. ಬುಧವಾರ ಸಂಜೆ ಐದರ ಬಸ್ಸು ಹಿಡಿದರೆ ಗುರುವಾರ ಬೆಳಿಗ್ಗೆ ಆರಕ್ಕೆ ಇಲ್ಲಿ ಇಳಿಯುತ್ತೀ. ನಾನು ಡ್ಯೂಟಿಯಲ್ಲಿರುತ್ತೇನೆ, ಬಸ್ ನಿಲ್ದಾಣಕ್ಕೆ ಬರಲಾಗುವುದಿಲ್ಲ. ನನ್ನ ಕೋಣೆಯ ಕೀಲಿ ಕೆಳಗಿನ ಟೈಲರ್ ಹತ್ತಿರ ಇರುತ್ತದೆ. ಮುಖ ತೊಳೆದುಕೊಂಡು ಸ್ವಲ್ಪ ಮಲಗು. ಮಧ್ಯಾಹ್ನ ಮೂರೂವರೆಗೆ ಹೊರಡು. ಟೈಲರ್ ದಾರಿ ಹೇಳುತ್ತಾನೆ, ನಡೆದರೆ ಇಪ್ಪತ್ತು ನಿಮಿಷ. ಮೂರನೇ ಮಹಡಿ, ಎಡಗಡೆಯ ಬಾಗಿಲು. ನಾನು ಬರುವವರೆಗೆ ತಟ್ಟಬೇಡ. ನೀನು ಮೊದಲು ಬಂದರೆ ನನಗಾಗಿ ಕಾಯಿ, ನಾನು ಮೊದಲು ಬಂದರೆ ನಿನಗಾಗಿ ಕಾಯುತ್ತೇನೆ.

ಮೇ 29, ಗುರುವಾರ, ಸಂಜೆ ನಾಲ್ಕು ಗಂಟೆ.

ಮಗಳು